ರೈಟರೂ ನಮ್ಮ ಮನೆಯ ಗುಂಡಿಯೂ

ಮನೆ ಕಟ್ಟಿದವರು ಸಿಕ್ಕರೆ ಮಾತು ಬೇಗ ಮುಗಿಯುವುದಿಲ್ಲ. ಮರ ಎಲ್ಲಿಂದ ತಂದೆವು, ಮೇಸ್ತ್ರಿ ಹೇಗೆ ಸತಾಯಿಸಿದ, ಗೃಹಪ್ರವೇಶಕ್ಕೆ ಯಾರು ಬಂದರು, ಯಾರು ಬೇಕೆಂದೇ ಬರಲಿಲ್ಲ, ಎಲ್ಲವನ್ನೂ ಹೇಳುತ್ತಾರೆ. ಕಕ್ಕಸಿನ ಗುಂಡಿಯ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗಂತೂ ಮನೆ ಕಟ್ಟಿದ್ದು ಎಂದರೆ ಗುಂಡಿ ತೋಡಿದ್ದೇ. ಉಳಿದದ್ದೆಲ್ಲ ಹೇಗೋ ಆಗಿಹೋಯಿತು. ಗುಂಡಿಯ ನೆನಪಾದರೆ ರೈಟರ ನೆನಪಾಗುತ್ತದೆ, ಹಿಂದೆಯೇ ಒಂದು ಸುಸ್ತೂ ಬರುತ್ತದೆ. ಅವರು ಹೋದ ತಿಂಗಳು ಬಾಳೆಹೊನ್ನೂರಿನ ತಮ್ಮನ ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ. ಹೋಗಿ ಜಗಲಿಯ ಮೇಲೆ ಕೂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲೂ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆಯುತ್ತ, ಸಾಹುಕಾರರು ಬೆರಳು ಇಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕುತ್ತ ಆಯುಷ್ಯ ಕಳೆದವರು. ಕೆಲಸ ಬಿಟ್ಟ ದಿನ ಪೆನ್ನನ್ನು ಆಫೀಸಿನ ಮೇಜಿನ ಮೇಲೇ ಇಟ್ಟು ಬಂದರಂತೆ. "ಇನ್ನು ನನ್ನ ಹೆಸ್ರು ಯಾವ ಕಾಗ್ದದ ಮೇಲೂ ಬರೋದು ಬೇಡ ಮಾರಾಯ್ರೆ, ಸಾಕಾಗಿದೆ" ಎನ್ನುತ್ತಿದ್ದರು. ಈ ಕಾಗದದ ಮೇಲೂ ಬೇಡ.

ನಾನು ಕಡೂರು ಸೀಮೆಯವನು. ನಮ್ಮ ಕಡೆ ನೆಲ ಅಗೆದರೆ ಧೂಳು ಏಳುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ನನ್ನನ್ನು ಆಲ್ದೂರಿಗೆ ತಂದು ಹಾಕಿತು. ಮಳೆಗಾಲವಿಡೀ ಮರ ಬಿದ್ದು ಲೈನು ಕಡಿಯುವುದು, ನಾವು ಹೋಗಿ ಕಟ್ಟುವುದು, ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಕಡಿಯುವುದು, ಸಾಹುಕಾರರಿಂದ ಹಿಡಿದು ಸೋಡಾ ಅಂಗಡಿಯವನವರೆಗೆ ಎಲ್ಲರಿಂದ ಬೈಸಿಕೊಳ್ಳುವುದು, ಇದೇ ನನ್ನ ಉದ್ಯೋಗ. ಬಾಡಿಗೆ ಮನೆ ಆಲ್ದೂರಿನಲ್ಲೇ. ನನ್ನ ಹೆಂಡತಿ ನಳಿನಿಗೆ ಚಿಕ್ಕ ವಯಸ್ಸಿನಲ್ಲೇ ಸಂಧಿವಾತ ಹಿಡಿಯಿತು. ಮಂಡಿ ಊದಿಕೊಂಡು ಮಡಚಲು ಬಾರದು. ಆ ಮನೆಯ ಕಕ್ಕಸೋ ಹಿತ್ತಿಲಿನ ತುದಿಯಲ್ಲಿ, ಪಾಚಿ ಕಟ್ಟಿದ ಮೆಟ್ಟಿಲು ಇಳಿದು ಹೋಗಬೇಕು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅವಳ ತೋಳು ಹಿಡಿದು ನಾನು ಕರೆದುಕೊಂಡು ಹೋಗುತ್ತಿದ್ದೆ. ನಾನು ಲೈನಿನ ಮೇಲೆ ಹೋದ ದಿನ ಅವಳು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಿದ್ದಳು. ಇದನ್ನು ನನಗೆ ಹೇಳಿದವರು ಡಾಕ್ಟರು, ಅವಳಲ್ಲ. ಅದಾದ ಮೇಲೆ ಮನೆ ಕಟ್ಟಲೇಬೇಕು, ಕುರ್ಚಿಯಂತೆ ಕೂರುವ ಕಕ್ಕಸು ಅವಳ ಕೋಣೆಯ ಹತ್ತಿರವೇ ಇರಬೇಕು ಎಂದು ನಿರ್ಧಾರ ಮಾಡಿದೆ.

ಮಲ್ಲಂದೂರಿನ ಹತ್ತಿರ, ಒಂದು ದಿಣ್ಣೆಯ ನೆತ್ತಿಯಲ್ಲಿ ಜಾಗ ಸಿಕ್ಕಿತು. ಮುಂದೆ ರಸ್ತೆ. ಹಿಂದೆ ಇಳಿಜಾರು. ಇಳಿಜಾರಿನ ಕೆಳಗೆ ಒಂದು ಸಣ್ಣ ಕಾಫಿ ತೋಟ, ತೋಟದ ನಡುವೆ ರೈಟರ ಮನೆ. ಆ ಮನೆಯ ಪಕ್ಕದಲ್ಲಿ ಒಂದು ಒರತೆ. ಇನ್ನೂ ಕೆಳಗೆ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳು.

ಸುಣ್ಣದ ಪುಡಿ ಹಿಡಿದು ಮನೆಯ ಗುರುತು ಹಾಕುತ್ತಿದ್ದ ದಿನ ಅವರು ಮೊದಲ ಸಲ ಮೇಲೆ ಬಂದರು. ಖಾಕಿ ಚಡ್ಡಿ, ಉಣ್ಣೆ ಟೋಪಿ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡ ಕೊಡೆ. ಬಾಯಿ ತುಂಬ ಎಲೆ ಅಡಿಕೆ. ನನ್ನನ್ನು ನೋಡಿಯೂ ಮಾತಾಡದೆ ನೇರ ರಸ್ತೆ ದಾಟಿ ಹೋದರು, ಆಚೆ ಬದಿಗೆ ಉಗಿದರು, ಬಾಯಿ ಒರೆಸಿಕೊಂಡು ವಾಪಸು ಬಂದರು. ಅವರು ಎಂದೂ ಹಾಗೆಯೇ. ದಿಣ್ಣೆಯ ಈಚೆ ಮಗ್ಗುಲಲ್ಲಿ, ಒರತೆಯ ಕಡೆಗೆ, ಉಗುಳನ್ನೂ ಬಿಡುತ್ತಿರಲಿಲ್ಲ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಒಳ್ಳೆಯ ಗಿರಾಕಿ ಸಿಕ್ಕಿದರಲ್ಲ ನೆರೆಗೆ ಎಂದುಕೊಂಡೆ.

"ಅಡುಗೆ ಮನೆ ಎಲ್ಲಿಗೆ ಬರುತ್ತೆ?" ಎಂದರು.

ತೋರಿಸಿದೆ.

"ಕಕ್ಕಸು?"

ಹಿಂದಿನ ಇಳಿಜಾರು ತೋರಿಸಿದೆ. ಮನೆಯ ಹಿಂದೆ ಕಕ್ಕಸು, ಅದರ ಹಿಂದೆ ಗುಂಡಿ. ಲೋಕವೆಲ್ಲ ಹಾಗೇ ಮಾಡುವುದು. ಅವರು ಅಲ್ಲಿಯವರೆಗೆ ನಡೆದು ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕೆಳಗೆ ನೋಡಿದರು.

"ಅಲ್ಲಿ ಬೇಡ," ಎಂದು ಹೇಳಿ ಎದ್ದು ಹೋದರು.

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳುವ ಹಾಗೆ ಮಾಡಿದ್ದು ಪಂಚಾಯಿತಿ. ಕಾರ್ಯದರ್ಶಿಗಳು ನಕ್ಷೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಗುಂಡಿಯ ಕೆಳಗಡೆ ಕುಡಿಯೋ ನೀರು ಇದ್ಯಲ್ಲ ಸಾರ್. ಕೆಳಗಿನ ಮನೆ ರೈಟ್ರದ್ದು ತಕರಾರಿಲ್ಲ ಅಂತ ಒಂದು ಸಹಿ ಹಾಕಿಸ್ಕೊಂಡು ಬನ್ನಿ, ಲೈಸೆನ್ಸ್ ಕೊಟ್ಬಿಡ್ತೀನಿ" ಎಂದರು. ಸಹಿ ತಾನೇ, ಅದೇನು ದೊಡ್ಡ ವಿಷಯ ಎಂದು ಅವತ್ತೇ ರೈಟರ ಮನೆಗೆ ಇಳಿದೆ.

ಆ ಮನೆಯ ಉಪಚಾರವನ್ನು ಹೇಗೆ ಹೇಳಲಿ. ಬೆಲ್ಲದ ಕಾಫಿ ಬಂತು, ಅಕ್ಕಿ ರೊಟ್ಟಿ ಬಂತು, ಕಳಲೆ ಪಲ್ಯ ಬಂತು. ರೈಟರ ಹೆಂಡತಿ, ನಾವು ಮುಂದೆ ಅಕ್ಕ ಎಂದೇ ಕರೆದ ಹೆಂಗಸು, ನಳಿನಿಯ ಕಾಲಿನ ವಿಷಯ ಕೇಳಿ ನೊಂದುಕೊಂಡರು. ಹೊರಡುವಾಗ ಒಂದು ಬಾಳೆಗೊನೆಯನ್ನೂ ಹೊರಿಸಿದರು. ಸಹಿ ಮಾತ್ರ ಆಗಲಿಲ್ಲ.

"ಮರ ಬೇಕಾ ಕೇಳಿ, ಹಲಸಿನ ಮರ ಕಡಿಸಿಕೊಡ್ತೀನಿ. ಆಳು ಬೇಕಾ, ಕಳಿಸ್ತೀನಿ. ಸಹಿ ಒಂದು ಕೇಳ್ಬೇಡಿ."

"ರೈಟ್ರೇ, ನನ್ ಹೆಂಡ್ತಿಗೆ ನಡೆಯೋಕೆ ಆಗಲ್ಲ."

"ಗೊತ್ತು ಮಾರಾಯ್ರೆ. ಮನೆ ಕಟ್ಟಿ, ಯಾರು ಬೇಡ ಅಂದ್ರು? ಗುಂಡಿ ಅಲ್ಲಿ ಬೇಡ."

ಎಷ್ಟು ಸಲ ಇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಾಫಿ, ಪ್ರತಿ ಸಲವೂ ಇದೇ ಮಾತು. ಸಿಟ್ಟು ಮಾಡೋಣವೆಂದರೆ ಅವರು ಜಗಳಕ್ಕೂ ಸಿಗುತ್ತಿರಲಿಲ್ಲ. ನಾನು ಏರುದನಿ ಮಾಡಿದರೆ ಕಾಫಿ ಲೋಟವನ್ನು ನನ್ನ ಕಡೆಗೆ ಇನ್ನಷ್ಟು ಸರಿಸುತ್ತಿದ್ದರು. ಮನೆಗೆ ಬಂದು ನಳಿನಿಯ ಮುಖ ನೋಡುವಾಗ ನನಗೆ ಜೀವನವೇ ಸಾಕಾಗುತ್ತಿತ್ತು. ಅವಳು ಏನಾಯಿತೆಂದು ಕೇಳುತ್ತಲೂ ಇರಲಿಲ್ಲ.

ಕೊನೆಗೆ ಬೇಸಿಗೆ ಬಂತು. ಕಾರ್ಯದರ್ಶಿಗಳು "ಗೋಡೆ ಕೆಲಸ ಶುರು ಮಾಡಿ ಸಾರ್, ಕಾಗದ ಹಿಂದಿನಿಂದ ಬರುತ್ತೆ" ಎಂದರು. ಗೋಡೆ ಎದ್ದಿತು. ಗುಂಡಿಯ ವಿಷಯ ಹಾಗೇ ಉಳಿಯಿತು. ಒಂದು ದಿನ ರೈಟರೇ ಮೇಲೆ ಬಂದು, ಆಚೆ ಉಗಿದು, ನನ್ನ ಪಕ್ಕ ಕೂತು, "ಒಂದು ಕೆಲ್ಸ ಮಾಡಿ. ಅಲ್ಲೇ ತೋಡಿ. ಒಂದು ಆಷಾಢ ಕಳೀಲಿ. ಆಮೇಲೂ ನಿಮಗೆ ಬೇಕು ಅನ್ಸಿದ್ರೆ ನಾನು ಬೇಡ ಅನ್ನಲ್ಲ. ಮಾತು ಕೊಡ್ತೀನಿ" ಎಂದರು.

ಗೆದ್ದೆ ಎಂದುಕೊಂಡೆ. ಗುಂಡಿ ತೋಡಿಸಲು ಕಡೂರಿನಿಂದ ನಮ್ಮ ಕಡೆಯ ಮೇಸ್ತ್ರಿಯನ್ನೇ ಕರೆಸಿದೆ. ಕೆಂಪು ಮಣ್ಣು ಬೆಣ್ಣೆ ಕೊಯ್ದ ಹಾಗೆ ಕೊಯ್ದು ಬಂತು. ಆಳಕ್ಕೆ ಇಳಿದರೂ ಒಂದು ಹನಿ ತೇವವಿಲ್ಲ. "ಬಂಡೆಯೂ ಇಲ್ಲ, ನೀರೂ ಇಲ್ಲ. ಇಂಥ ಗುಂಡಿ ಸಿಗೋಕೆ ಪುಣ್ಯ ಮಾಡಿರ್ಬೇಕು ಸಾರ್" ಎಂದು ಮೇಸ್ತ್ರಿ ಹಿಗ್ಗಿದ. ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಮೇಲೆ ತಗಡು ಮುಚ್ಚಿದೆವು. ರೈಟರು ದಿನವೂ ಬಂದು ಗುಂಡಿಯ ಅಂಚಿನಲ್ಲಿ ಕೂರುತ್ತಿದ್ದರು. ಮಣ್ಣು ಎತ್ತುವವರಿಗೆ ಮಜ್ಜಿಗೆ ತಂದು ಕೊಡುತ್ತಿದ್ದರು. ಒಂದು ಅಡ್ಡ ಮಾತಾಡಲಿಲ್ಲ.

ಇಷ್ಟು ಹೇಳಿದೆನೆಂದು ಅವರನ್ನು ದೊಡ್ಡ ಜ್ಞಾನಿ ಎಂದು ಯಾರೂ ತಿಳಿಯಬಾರದು. ಅವರ ಸಲಹೆಗಳಲ್ಲಿ ಮುಕ್ಕಾಲು ಪಾಲು ನನ್ನನ್ನು ಮುಳುಗಿಸಿದವೇ. ಅಡುಗೆ ಮನೆಯ ಕಿಟಕಿಯನ್ನು ಪಶ್ಚಿಮಕ್ಕೆ ಇಡಿ, ಗಾಳಿ ಚೆನ್ನಾಗಿ ಬರುತ್ತೆ ಎಂದರು. ಗಾಳಿ ಬಂತು, ಅದರ ಜೊತೆ ಮಳೆಯೂ ಬಂತು, ಇವತ್ತಿಗೂ ಅಲ್ಲಿ ಗೋಣಿಚೀಲ ಹಾಸುತ್ತೇವೆ. ಆ ಮರ ಬೀಳೋದಲ್ಲ ಬಿಡಿ ಎಂದು ಅವರು ಭರವಸೆ ಕೊಟ್ಟ ಮರವೇ ನಮ್ಮ ಸೌದೆ ಕೊಟ್ಟಿಗೆಯ ಮೇಲೆ ಬಿತ್ತು. ಈ ಸಲ ಮಳೆ ತಡ ಎಂದು ಅವರು ಹೇಳಿದ ವರ್ಷಗಳಲ್ಲಿ ನಾನು ಕೊಡೆ ಹಿಡಿದೇ ಹೊರಡುತ್ತಿದ್ದೆ. ಆ ಒರತೆಯ ವಿಷಯವೊಂದರಲ್ಲಿ ಮಾತ್ರ ಅವರದು ಬೇರೆಯೇ ಹಟ.

ಆಷಾಢ ಬಂತು. ಎಲ್ಲ ಕಡೆ ಲೈನು ಕಡಿದು, ನಾನು ಬಣಕಲ್ ಕಡೆಯ ತಂಡದ ಜೊತೆ ಊರೂರು ಅಲೆಯುತ್ತಿದ್ದೆ. ರೈಟರು ಹೇಳಿ ಕಳಿಸಿದರು, ಒಮ್ಮೆ ಬಂದು ಹೋಗಿ ಎಂದು. ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಅವರು ಮಳೆಗೆ ತಲೆಯಿಂದ ಬೆನ್ನಿನವರೆಗೆ ಗೊರಬು ಹೊದ್ದುಕೊಂಡು ಗುಂಡಿಯ ಹತ್ತಿರ ನಿಂತಿದ್ದರು. ತಗಡು ಸರಿಸಿದರು. ಗುಂಡಿಯ ತುಂಬ ನೀರು. ಮೇಲಿನಿಂದ ಬಿದ್ದ ಮಳೆಯ ನೀರಲ್ಲ. ಕಲಕಿರಲಿಲ್ಲ, ಕೆಂಪಾಗಿರಲಿಲ್ಲ, ತಳದ ರಿಂಗು ವಾಲಿಕೊಂಡಿದ್ದು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

"ಜಲ ಎದ್ದಿದೆ," ಎಂದರು.

ಮಲೆನಾಡಿನಲ್ಲಿ ಮಳೆ ನೆಲಕ್ಕೆ ಹೊಟ್ಟೆ ತುಂಬ ಇಳಿದ ಮೇಲೆ, ನೀರು ಒಳಗಿನಿಂದ ತಾನಾಗಿ ಮೇಲೆ ಏಳುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಜಾಗದಲ್ಲೇ ಬುಗ್ಗೆ ಒಡೆಯುತ್ತದೆ. ಅದಕ್ಕೆ ಜಲ ಏಳುವುದು ಎನ್ನುತ್ತಾರೆ. ಇಷ್ಟು ವರ್ಷ ಇಲ್ಲಿದ್ದೂ ಬರೀ ಕಂಬ ನೋಡಿಕೊಂಡು ಓಡಾಡಿದವನು ನಾನು. ಮಾತನ್ನು ಕೇಳಿದ್ದೆ, ನಮ್ಮ ಮನೆಯ ಹಿಂದೆ ಅದು ಏಳಬಹುದು ಎಂದು ತೋಚಿರಲಿಲ್ಲ.

ರೈಟರು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೊಂಬನ್ನು ತೆಗೆದು, ಬಗ್ಗಿ, ಆ ಗುಂಡಿಯ ನೀರನ್ನು ಮೊಗೆದರು. ನನ್ನ ಎದುರಿಗೇ ಗಟಗಟ ಕುಡಿದರು. ಮತ್ತೆ ಮೊಗೆದು ನನ್ನ ಕೈಗೆ ಕೊಟ್ಟರು.

"ಕುಡೀರಿ."

ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಒಳ್ಳೆಯ ಸಿಹಿ ನೀರು.

"ಇದೇ ನೀರು ಕೆಳಗೆ ನಮ್ಮ ಒರತೆಗೆ ಬರೋದು. ಕಾಫಿ ಹಣ್ಣು ಕುಯ್ಲು ಶುರುವಾದ್ರೆ ಸಿಪ್ಪೆ ಬಿಡಿಸೋ ಪಲ್ಪರ್ ತೊಳೆದ ನೀರೆಲ್ಲ ಹಳ್ಳಕ್ಕೆ. ಮೂಗು ಬಿಡೋ ಹಾಗಿಲ್ಲ. ಲೈನಿನ ಹೆಂಗಸ್ರು ಮಕ್ಳು ಎಲ್ಲ ಆವಾಗ ಕೊಡ ಹಿಡ್ಕೊಂಡು ಬರೋದು ಇಲ್ಲಿಗೇ. ಹಾಜರಿ ಬರೀವಾಗ ಅವ್ರನ್ನೆಲ್ಲ ಹೆಸ್ರು ಹಿಡಿದು ಕೂಗಿದೋನು ನಾನು." ಚೊಂಬನ್ನು ಮಗುಚಿ ನೀರು ಕೊಡವಿದರು. "ಇನ್ನು ನಿಮ್ಮ ಇಷ್ಟ. ಬೇಕು ಅಂದ್ರೆ ಹಾಕ್ಕಳ್ಳಿ. ನಾನು ಬೇಡ ಅನ್ನಲ್ಲ ಅಂದಿದ್ದೆ, ಅನ್ನಲ್ಲ."

ಅವರು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಲ್ದೂರಿಗೆ ಬಂದು ನಳಿನಿಗೆ ಎಲ್ಲ ಹೇಳಿದೆ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ನೀವು ಕುಡಿದ್ರಾ?" ಎಂದಳು.

"ಕುಡಿದೆ."

"ಹಾಗಾದ್ರೆ ಮುಗೀತು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಳೆಗಾಲವೂ ನಾವು ಬಾಡಿಗೆ ಮನೆಯ ಮೆಟ್ಟಿಲು ಇಳಿದೇ ಕಳೆದೆವು.

ಹೊಸ ದಾರಿ ಹುಡುಕಿದವಳು ಅವಳೇ. ಮಳೆ ಸ್ವಲ್ಪ ಬಿಟ್ಟಾಗ ಕಾರು ಮಾಡಿಕೊಂಡು ಅವಳನ್ನು ಜಾಗ ತೋರಿಸಲು ಕರೆದುಕೊಂಡು ಹೋಗಿದ್ದೆ. ಕಾರಿನಿಂದ ಇಳಿಯದೆ ಎರಡೂ ಕಡೆ ನೋಡಿ, "ರಸ್ತೆ ಕಡೆ ನೀರು ಎತ್ಲಾಗೆ ಹೋಗುತ್ತೆ?" ಎಂದು ಕೇಳಿದಳು. ರಸ್ತೆಯ ಕಡೆ ಇಳಿಜಾರು ಆಚೆಗೆ. ಅತ್ತ ಮನೆಯಿಲ್ಲ, ಒರತೆಯಿಲ್ಲ, ಬರೀ ಕುರುಚಲು ಕಾಡು. "ಮತ್ತೆ ಮುಂದೆಯೇ ಕಟ್ಟಿ. ಜಗಲಿಯ ತುದಿಗೆ."

ಮನೆಯ ಮುಂದೆ ಕಕ್ಕಸು! ಮೇಸ್ತ್ರಿ ಕೆಲಸ ಬಿಟ್ಟು ಹೋಗುತ್ತೇನೆಂದ. "ಬಾಗ್ಲಲ್ಲೇ ಕಕ್ಕಸಾ ಸಾರ್? ನಾಳೆ ನನ್ ಹೆಸ್ರು ಹೇಳ್ಕೊಂಡು ಊರೆಲ್ಲ ನಗುತ್ತೆ." ಪುರೋಹಿತರು ಲಕ್ಷ್ಮಿ ಒಳಗೆ ಬರುವ ದಾರಿ ಯಾವುದೆಂದು ಕೇಳಿದರು. ನಳಿನಿ, "ಲಕ್ಷ್ಮಿ ಬರೋವಾಗ ಬರ್ಲಿ, ನನಗೆ ಹೋಗೋಕೆ ಹತ್ತಿರ ಆಗ್ಬೇಕು" ಎಂದಳು. ಅಲ್ಲಿಗೆ ಎಲ್ಲರ ಬಾಯಿ ಮುಚ್ಚಿತು. ಹಿಂದಿನ ಗುಂಡಿಯಿಂದ ರಿಂಗುಗಳನ್ನು ಮೇಲೆತ್ತುವಷ್ಟರಲ್ಲಿ ಎಲ್ಲರ ಸೊಂಟ ಬಿದ್ದುಹೋಯಿತು. ರೈಟರು ತಮ್ಮ ಆಳುಗಳನ್ನು ಕಳಿಸಿದರು, ತಾವೂ ಹಗ್ಗ ಹಿಡಿದು ಎಳೆದರು.

ಇಷ್ಟಾದ ಮೇಲಾದರೂ ಸಹಿ ಹಾಕುತ್ತಾರೆ ಎಂದುಕೊಂಡರೆ ಅದೂ ಇಲ್ಲ. ಗುಂಡಿ ಜಾಗ ಬದಲಾಯಿಸಿದರೂ ಪಂಚಾಯಿತಿಗೆ ನೆರೆಯವರ ಒಪ್ಪಿಗೆ ಬೇಕೇ ಬೇಕು. "ಸಹಿ ಎಂಥಕ್ಕೆ? ನಾನೇ ಬರ್ತೀನಿ ನಡೀರಿ" ಎಂದು ನನ್ನ ಜೊತೆ ಹೊರಟರು. ಪಂಚಾಯಿತಿಯ ಬೆಂಚಿನ ಮೇಲೆ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ರೈಟ್ರೇ, ಒಂದು ಸಹಿ ಹಾಕಿದ್ರೆ ಮುಗೀತಲ್ಲ," ಎಂದರು ಕಾರ್ಯದರ್ಶಿಗಳು.

"ನಾನೇ ಬಂದು ಕೂತು ಬಾಯಲ್ಲಿ ಹೇಳ್ತಿದ್ದೀನಲ್ಲ. ಇವ್ರ ಗುಂಡಿಗೆ ನನ್ನ ತಕರಾರಿಲ್ಲ."

"ಬಾಯಿ ಮಾತು ಫೈಲಿಗೆ ಹೋಗಲ್ಲ."

"ಫೈಲಿಗೆ ಹೋಗ್ದಿದ್ರೆ ಬೇಡ. ನಿಮ್ಮ ಕಿವಿಗೆ ಹೋಯ್ತಲ್ಲ."

ಬಾಗಿಲು ಹಾಕುವವರೆಗೂ ಕೂತರು. ಮರುದಿನ ಮತ್ತೆ ಬಂದು ಕೂತರು. ನಾನು ರಜೆ ಹಾಕಿ ಪಕ್ಕದಲ್ಲಿ ಕೂತಿದ್ದೆ. ಕಾರ್ಯದರ್ಶಿಗಳು ನಮ್ಮಿಬ್ಬರಿಗಿಂತ ಮೊದಲು ಸೋತರು. ಸ್ಕೂಟರ್ ಹತ್ತಿ ಸ್ಥಳಕ್ಕೆ ಬಂದು ನೋಡಿ, ಪರಿಶೀಲಿಸಲಾಗಿದೆ ಎಂದು ತಾವೇ ಬರೆದು, ತಾವೇ ಸಹಿ ಹಾಕಿ ಲೈಸೆನ್ಸ್ ಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ರೈಟರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು.

ಗೃಹಪ್ರವೇಶಕ್ಕೆ ಬಂದವರು ದೇವರ ಕೋಣೆಗಿಂತ ಹೆಚ್ಚು ಹೊತ್ತು ಜಗಲಿಯ ತುದಿಯ ಕಕ್ಕಸನ್ನು ನೋಡಿದರು. ಕೂರುವ ಕುರ್ಚಿಯನ್ನು ಕಂಡು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಬಾಗಿಲು ತೆಗೆದು, ಒಳಗೆ ನೋಡಿ, ಮೆಲ್ಲಗೆ ಮುಚ್ಚಿದರು.

ಮುಂದಿನ ಮಳೆಗಾಲದಲ್ಲಿ ಅಕ್ಕ ಬೆಳಿಗ್ಗೆ ಬೆಳಿಗ್ಗೆ ಮೇಲೆ ಬರತೊಡಗಿದರು. ಒಂದು ದಿನ ಕೆಸುವಿನ ಎಲೆ, ಒಂದು ದಿನ ನಾಲ್ಕು ದಾಸವಾಳ, ಮತ್ತೊಂದು ದಿನ ಒಂದು ಲೋಟ ಹಾಲು. ತಂದದ್ದನ್ನು ಜಗಲಿಯ ಮೇಲಿಡುವುದು, ಕಕ್ಕಸಿಗೆ ಹೋಗುವುದು, ನಳಿನಿಯ ಹತ್ತಿರ ಎರಡು ಮಾತಾಡಿ ಇಳಿದು ಹೋಗುವುದು. ನಾನು ಇದನ್ನು ಗಮನಿಸಿರಲಿಲ್ಲ. ನಳಿನಿ ಗಮನಿಸಿದ್ದಳು. ಕಾಲು ನೋಯುತ್ತಿದ್ದರೂ ಎದ್ದು, ಅಕ್ಕ ಬರುವ ಮೊದಲು ಅಲ್ಲಿ ಬಕೀಟು ತುಂಬಿಸಿಡುತ್ತಿದ್ದಳು.

"ಅವ್ರ ಮನೇಲಿ ಕಕ್ಕಸು ಇಲ್ಲ, ಗೊತ್ತಾ ನಿಮಗೆ?" ಎಂದು ಒಮ್ಮೆ ನನ್ನನ್ನು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅಷ್ಟು ಸಲ ಹೋಗಿ ಕಾಫಿ ಕುಡಿದು ಬಂದವನಿಗೆ ಅದು ತೋಚಿರಲೇ ಇಲ್ಲ. ಅವರ ಜಾಗದಲ್ಲಿ ಎಲ್ಲಿ ತೋಡಿದರೂ ಜಲ, ಎಲ್ಲಿಂದ ಇಳಿದರೂ ಅದು ಒರತೆಗೇ ಬರುತ್ತದೆ. ಹಾಗಾಗಿ ರೈಟರು ಗುಂಡಿ ತೋಡಿಸಲಿಲ್ಲ. ಪಂಚಾಯಿತಿಯವರು ಮನೆಮನೆಗೆ ಕಕ್ಕಸು ಕಟ್ಟಿಸಿಕೊಡುತ್ತೇವೆಂದು ಬಂದಾಗಲೂ ವಾಪಸು ಕಳಿಸಿದ್ದರು. ಗಂಡ ಹೆಂಡತಿ ಇಬ್ಬರೂ ಮದುವೆಯಾದಾಗಿನಿಂದ ದಿಣ್ಣೆ ಹತ್ತಿ, ರಸ್ತೆ ದಾಟಿ, ಆಚೆ ಕುರುಚಲು ಕಾಡಿಗೆ ಹೋಗುತ್ತಿದ್ದವರು. ಆಷಾಢದಲ್ಲೂ, ಜ್ವರ ಬಂದಾಗಲೂ. ನಮ್ಮ ಮನೆ ಎದ್ದ ಮೇಲೆ ಅಕ್ಕನ ದಾರಿ ಅರ್ಧಕ್ಕೇ ನಿಂತಿತು. ಕಕ್ಕಸು ಮೊದಲು ಅಂದುಕೊಂಡಂತೆ ನಳಿನಿಯ ಕೋಣೆಗೆ ಅಂಟಿಕೊಂಡು ಒಳಗಿದ್ದಿದ್ದರೆ ಅವರು ಬರುತ್ತಿರಲಿಲ್ಲ, ಇನ್ನೊಬ್ಬರ ಮನೆಯೊಳಗೆ ಹಾದು ಹೋಗುವ ಹೆಂಗಸಲ್ಲ. ಜಗಲಿಯಲ್ಲಿದ್ದದ್ದರಿಂದ ಆಯಿತು.

ರೈಟರಿಗೆ ಇದು ತಿಳಿದಿತ್ತು, ಆದರೆ ಬಾಯಿ ಬಿಡಲಿಲ್ಲ. ಅವರು ಮಾತ್ರ ನಮ್ಮ ಗೇಟು ದಾಟಿ, ಆ ಬಾಗಿಲ ಕಡೆ ಕಣ್ಣೂ ಹಾಯಿಸದೆ, ಕೊಡೆ ಹಿಡಿದು ಆಚೆಗೇ ಹೋಗುತ್ತಿದ್ದರು. "ರೈಟ್ರೇ, ನೀವೂ ಇಲ್ಲೇ ಹೋಗ್ಬೋದಲ್ಲ" ಎಂದು ನಾನೊಮ್ಮೆ ಕರೆದೆ. "ನನಗೆ ಒಳಗೆ ಕೂತ್ರೆ ಆಗಲ್ಲ ಮಾರಾಯ್ರೆ, ಅಭ್ಯಾಸ ಇಲ್ಲ" ಎಂದು ನಡೆದೇ ಬಿಟ್ಟರು.

ಕಾಫಿಯ ಬೆಲೆ ಬಿದ್ದುಹೋದ ವರ್ಷಗಳು ಬಂದವು. ಎಸ್ಟೇಟಿನಲ್ಲಿ ಆಳು ಕಡಿಮೆಯಾದರು, ಲೈನ್ ಮನೆಗಳು ಅರ್ಧ ಖಾಲಿಯಾದವು. ಉಳಿದವರಿಗೆ ಪಂಚಾಯಿತಿ ಬೋರು ಕೊರೆಸಿ ಟ್ಯಾಂಕಿ ಕಟ್ಟಿಸಿಕೊಟ್ಟಿತು. ಮನೆಯ ಮುಂದೆಯೇ ನಲ್ಲಿ ಬಂದ ಮೇಲೆ ಕೊಡ ಹೊತ್ತು ಒರತೆಗೆ ಯಾರು ಬರುತ್ತಾರೆ? ಯಾರೂ ಬರಲಿಲ್ಲ. ರೈಟರು ಮಾತ್ರ ಮಳೆಗಾಲಕ್ಕೆ ಮುಂಚೆ ಎಂದಿನಂತೆ ಒರತೆಯ ಹೂಳು ತೆಗೆದು, ಸುತ್ತಲಿನ ಕಲ್ಲು ತಿಕ್ಕುತ್ತಿದ್ದರು. ಎಲೆ ಅಡಿಕೆ ಉಗುಳಲು ದಿಣ್ಣೆ ಹತ್ತುವುದನ್ನೂ ಬಿಡಲಿಲ್ಲ, ಏರುವಾಗ ಉಸಿರು ಕಟ್ಟುತ್ತಿದ್ದರೂ.

ಆಮೇಲೊಂದು ಮಳೆಗಾಲದ ಕೊನೆಯಲ್ಲಿ ಅಕ್ಕ ಹೋದರು. ಎದೆಯಲ್ಲಿ ಕಫ ಕಟ್ಟಿ, ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿ, ಗುಣವಾಗದೆ ತೀರಿಕೊಂಡರು. ಕಾಯಿಲೆ ಬಿದ್ದ ದಿನಗಳಲ್ಲಿ ಅವರಿಗೆ ನಮ್ಮ ಮನೆಯವರೆಗೆ ಏರಿ ಬರುವ ಶಕ್ತಿಯೂ ಇರಲಿಲ್ಲ ಎಂಬುದನ್ನು ನೆನೆದರೆ ಇವತ್ತಿಗೂ ನಳಿನಿ ಕಣ್ಣೊರೆಸಿಕೊಳ್ಳುತ್ತಾಳೆ.

ತಿಥಿ ಮುಗಿದ ಮೇಲೆ ನಾನು ಇಳಿದು ಹೋದೆ. ರೈಟರು ಒರತೆಯ ಕಲ್ಲಿನ ಮೇಲೆ ಕೂತಿದ್ದರು. ನಾನೇನೂ ಕೇಳಲಿಲ್ಲ, ಅವರೇ ಹೇಳಿದರು.

"ಊರಿಗೆಲ್ಲ ನೀರು ಕಾಯ್ತಿದ್ದೀನಿ ಅಂತ ತಿಳ್ಕೊಂಡಿದ್ದೆ. ಟ್ಯಾಂಕಿ ಬಂದ್ಮೇಲೆ ಈ ನೀರು ಕುಡೀತಿದ್ದಿದ್ದು ನಾವಿಬ್ರೇ ಮಾರಾಯ್ರೆ. ನಾನು, ಅವಳು. ಆಗ್ಲಾದ್ರೂ ಒಂದು ಗುಂಡಿ ತೋಡಬಹುದಿತ್ತು. ತೋಡ್ಲಿಲ್ಲ. ಅವಳು ಕೇಳ್ಲೂ ಇಲ್ಲ. ಹಾಗೇ ರೂಢಿ ಆಗಿಹೋಗಿತ್ತು ನೋಡಿ."

ಸಮಾಧಾನದ ಮಾತು ಯಾವುದನ್ನು ಎತ್ತಿದರೂ ಸುಳ್ಳಾಗುತ್ತಿತ್ತು. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಕತ್ತಲಾಗುವ ಮೊದಲು ಮೇಲೆ ಬಂದೆ. ಅದಾದ ಮೇಲೆ ಅವರು ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟರು. ಆಚೆಗೆ ಹೋಗಲು ತೋಟದ ಬದಿಯಿಂದ ಸುತ್ತುದಾರಿ ಹಿಡಿದರು.

ಬಾಳೆಹೊನ್ನೂರಿನಿಂದ ತಮ್ಮನ ಮಗಳು ಬಂದು ಅವರನ್ನು ಕರೆದುಕೊಂಡು ಹೋಗುವುದು ಎಂದು ಗೊತ್ತಾದ ವಾರ, ಒಂದು ಬೆಳಿಗ್ಗೆ ಜೋರು ಮಳೆ. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ, ನಳಿನಿ ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ರೈಟರು ಗೇಟು ತೆಗೆದುಕೊಂಡು ಒಳಗೆ ಬಂದರು. ತುಂಬ ಇಳಿದುಹೋಗಿದ್ದರು. ಖಾಕಿ ಚಡ್ಡಿ ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡಿದ್ದರು. ಜಗಲಿ ಹತ್ತದೆ, ಕೊಡೆ ಹಿಡಿದು, ತುದಿಯ ಬಾಗಿಲನ್ನು ನೋಡುತ್ತ ನಿಂತರು.

"ತಂಗೀ, ನಾನೊಂದ್ಸಲ ಹೋಗ್ಬಹುದಾ?" ಎಂದು ನಳಿನಿಯನ್ನು ಕೇಳಿದರು.

"ಇದೆಂಥ ಕೇಳೋದು ರೈಟ್ರೇ, ಹೋಗಿ. ಚಿಲಕ ಮಾತ್ರ ಹಾಕಿದೆ."

ಕೊಡೆ ಮಡಚಿ ಗೋಡೆಗೆ ಒರಗಿಸಿದರು. ಚಪ್ಪಲಿ ಬಿಟ್ಟರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತಾದರೂ ನೀರಿನ ಸದ್ದಿಲ್ಲ, ಕೆಮ್ಮಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವುದೊಂದೇ ಕೇಳುತ್ತಿತ್ತು. ನಳಿನಿ ಬೀನ್ಸಿನ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಎದ್ದು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅವರೇ ತೆಗೆದು ಹೊರಗೆ ಬಂದರು.

ಚಪ್ಪಲಿ ಮೆಟ್ಟಿದರು, ಕೊಡೆ ಕೈಗೆತ್ತಿಕೊಂಡರು, ಬಿಚ್ಚಲಿಲ್ಲ. ನಳಿನಿಯ ಕಡೆ ತಿರುಗಿದರು.

"ಇಷ್ಟು ವರ್ಷ ಬಂದು ಹೋದ್ಲು," ಎಂದರು, "ಒಳಗೆ ಇಷ್ಟು ಬೆಚ್ಚಗಿರುತ್ತೆ ಅಂತ ಅವಳು ನಂಗೆ ಒಂದು ದಿನವೂ ಹೇಳ್ಲಿಲ್ಲ."